ರಸ್ತೆ ಬಂತು, ಅಡ್ಡರಸ್ತೆ ಬರಲಿಲ್ಲ: ಹೊರವರ್ತುಲ ರಸ್ತೆ ಬೆಂಗಳೂರಿನ ಹೊಲಗಳನ್ನು ಬದಲಿಸಿದ ಬಗೆ

ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು (ರಿಂಗ್ ರೋಡನ್ನು) ಯೋಚಿಸಿದ್ದು ಮುಖ್ಯವಾಗಿ ಲಾರಿಗಳಿಗಾಗಿ. ತುಮಕೂರು ಕಡೆಯಿಂದ ಹೊಸೂರಿಗೆ, ಬಳ್ಳಾರಿ ರಸ್ತೆಯಿಂದ ಹಳೆ ಮದ್ರಾಸ್ ರಸ್ತೆಗೆ ಹೋಗುವ ಸರಕು ಗಾಡಿಗಳು ಊರೊಳಗೆ ನುಗ್ಗದೆ ಹೊರಗಿನಿಂದಲೇ ಸುತ್ತಿಕೊಂಡು ಹೋಗಲಿ ಅನ್ನುವುದು ಲೆಕ್ಕ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇದನ್ನು 1996ರಿಂದ 2002ರ ನಡುವೆ ಹಂತಹಂತವಾಗಿ ತೆರೆಯಿತು. ಉದ್ದ ಸುಮಾರು 60 ಕಿ.ಮೀ. ಇವತ್ತು ಅದರ ಪೂರ್ವದ ತುಂಡು, ಅಂದರೆ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದವರೆಗಿನ 17-18 ಕಿ.ಮೀ., ಲಕ್ಷಾಂತರ ಜನ ದಿನವೂ ಕೆಲಸಕ್ಕೆ ಬರುವ ಆಫೀಸು ಸಾಲು. ಊರನ್ನು ತಪ್ಪಿಸಲೆಂದು ಹಾಕಿದ ರಸ್ತೆಯ ಸುತ್ತಲೇ ಊರು ಕಟ್ಟಿಕೊಂಡಿತು.

ಹೀಗಾಗಿದ್ದು ಯಾರೋ ಕೂತು ಮಾಡಿದ ತೀರ್ಮಾನದಿಂದಲ್ಲ. ರಸ್ತೆಗೂ ಜಮೀನಿಗೂ ಇರುವ ನಂಟೇ ಅಂಥದ್ದು. ಜಮೀನಿನ ಬಳಕೆ ಬದಲಾಗುವುದು ಡಾಂಬರು ಬಿದ್ದದ್ದಕ್ಕಲ್ಲ, ಅಲ್ಲಿಗೆ ತಲುಪುವ ಹೊತ್ತು ಕಮ್ಮಿಯಾದದ್ದಕ್ಕೆ.

ಸರಳ ಲೆಕ್ಕ ಹಾಕೋಣ. ಕೆಲಸಕ್ಕೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಕೊಡಲು ಹೆಚ್ಚಿನವರು ತಯಾರಿರುತ್ತಾರೆ. ನಡೆದು ಹೋಗುವ ಕಾಲದಲ್ಲಿ ಅರ್ಧ ಗಂಟೆಗೆ ಎರಡೂವರೆ ಕಿ.ಮೀ. ಬೆಂಗಳೂರಿನ ಹಳೆ ಪೇಟೆಯನ್ನು ಈಗಲೂ ಅಷ್ಟು ಹೊತ್ತಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಬಹುದು. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋದರೆ ಅರ್ಧ ಗಂಟೆಗೆ 7.5 ಕಿ.ಮೀ. ಅಷ್ಟು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 177 ಚದರ ಕಿ.ಮೀ. ಹೊಸ ರಸ್ತೆ ಬಂದು ವೇಗ 30 ಕಿ.ಮೀ. ಆಯಿತು ಅನ್ನಿ. ತ್ರಿಜ್ಯ 15 ಕಿ.ಮೀ., ವಿಸ್ತೀರ್ಣ 707 ಚದರ ಕಿ.ಮೀ. ವೇಗ ಎರಡು ಪಟ್ಟಾದರೆ ಮನೆ ಕಟ್ಟಲು ಸಿಗುವ ಜಾಗ ನಾಲ್ಕು ಪಟ್ಟು. ನಗರಪಾಲಿಕೆಯಾಗಿದ್ದ ಬಿಬಿಎಂಪಿಯ ವ್ಯಾಪ್ತಿಯೂ ಹೆಚ್ಚುಕಮ್ಮಿ ಇಷ್ಟೇ ಇತ್ತು.

ಈ ಲೆಕ್ಕಕ್ಕೆ ಇನ್ನೊಂದು ಮುಖ ಇದೆ. ಜಾಗ ತುಂಬಿದ ಮೇಲೆ ಗಾಡಿ ಹೆಚ್ಚುತ್ತದೆ, ವೇಗ ಮತ್ತೆ 15ಕ್ಕೆ ಇಳಿಯುತ್ತದೆ. ಆದರೆ ಕಟ್ಟಿದ ಮನೆ ಹಿಂದಕ್ಕೆ ಸರಿಯುವುದಿಲ್ಲ. ಅರ್ಧ ಗಂಟೆ ಎಂದು ನಂಬಿ ದೂರ ಹೋದವರು ಒಂದು ಗಂಟೆ ಕೂರುತ್ತಾರೆ. ಆಗ ಇನ್ನೊಂದು ರಸ್ತೆ ಬೇಕೆಂಬ ಕೂಗು ಏಳುತ್ತದೆ, ಅದೂ ಬರುತ್ತದೆ, ಅದರಾಚೆಯ ಹೊಲಗಳ ಸರದಿ ಶುರುವಾಗುತ್ತದೆ. ರಸ್ತೆ ಅಗಲ ಮಾಡಿದರೆ ದಟ್ಟಣೆ ತೀರುತ್ತದೆ ಅನ್ನುವ ಮಾತು ಸುಳ್ಳಾಗುವುದು ಇಲ್ಲೇ.

ಇನ್ನು ಒಂದು ಎಕರೆಯನ್ನು ಹತ್ತಿರದಿಂದ ನೋಡೋಣ. ರಿಂಗ್ ರೋಡಿನಿಂದ ಅರ್ಧ ಕಿ.ಮೀ. ಒಳಗಿರುವ ರಾಗಿ ಹೊಲ. ರಾಗಿ ಬೆಳೆದು ಬರುವ ಆದಾಯದ ಮೇಲೆ ಆ ಜಮೀನಿಗೆ ಒಂದು ಬೆಲೆ ಇರುತ್ತದೆ. ರಸ್ತೆಯ ಗುರುತು ಕಲ್ಲು ನೆಟ್ಟ ದಿನದಿಂದ ಆ ಬೆಲೆಗೂ ರಾಗಿಗೂ ಸಂಬಂಧ ಕಡಿದು ಹೋಗುತ್ತದೆ. ಮುಂದೆ ಅಲ್ಲಿ ಏನು ಬರಬಹುದು ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ. ಮೊದಲು ಬರುವುದು ರಸ್ತೆ ಬದಿಯ ಗೋದಾಮು, ಗ್ರಾನೈಟು-ಸಿಮೆಂಟಿನ ಅಂಗಡಿ, ಪೆಟ್ರೋಲ್ ಬಂಕು. ಇವಕ್ಕೆ ಬೇಕಾದ್ದು ಲಾರಿ ತಿರುಗುವಷ್ಟು ಜಾಗ, ಅಷ್ಟೇ. ಆಮೇಲೆ ಒಳಗಿನ ಹೊಲಗಳಲ್ಲಿ ಸೈಟುಗಳು. ಕೊನೆಗೆ, ಹತ್ತಿಪ್ಪತ್ತು ಎಕರೆ ಒಟ್ಟಿಗೆ ಕೊಳ್ಳುವ ತಾಕತ್ತಿರುವವರು ಮುಂಭಾಗದ ಗೋದಾಮುಗಳನ್ನು ಎಬ್ಬಿಸಿ ಆಫೀಸು ಸಂಕೀರ್ಣ ಕಟ್ಟುತ್ತಾರೆ. ಯಾರಿಗೆ ಆ ರಸ್ತೆಯಿಂದ ಹೆಚ್ಚು ಲಾಭವೋ ಅವರು ಹೆಚ್ಚು ಕೊಟ್ಟು ರಸ್ತೆಗೆ ಹತ್ತಿರ ಬರುತ್ತಾರೆ, ಉಳಿದವರು ಹಿಂದೆ ಸರಿಯುತ್ತಾರೆ.

ಸೈಟು ಬೀಳುವಾಗ ನಡೆಯುವ ಗಣಿತದಲ್ಲೇ ನಗರದ ಮುಂದಿನ ಐವತ್ತು ವರ್ಷದ ಹಣೆಬರಹ ಇದೆ. ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ನಿಯಮದಂತೆ ರಸ್ತೆ, ಉದ್ಯಾನ, ನಾಗರಿಕ ಸೌಕರ್ಯಕ್ಕೆ ಜಾಗ ಬಿಟ್ಟರೆ ಮಾರಲು ಉಳಿಯುವುದು ಹೆಚ್ಚುಕಮ್ಮಿ ಶೇ 55. ಅದರಲ್ಲಿ 30x40ರ ಸೈಟು 20 ಆಗುತ್ತವೆ. ಅದೇ ಎಕರೆಯಲ್ಲಿ ಅನುಮತಿ ಇಲ್ಲದೆ, ಬರೀ 20 ಅಡಿ ರಸ್ತೆ ಬಿಟ್ಟು ಗೆರೆ ಎಳೆದರೆ 26-27 ಸೈಟು. ಹೆಚ್ಚಾಗಿ ಸಿಕ್ಕಿದ ಆ ಆರೇಳು ಸೈಟುಗಳು ಎಲ್ಲಿಂದ ಬಂದವು? ಬಸ್ಸು ಹೋಗಬಹುದಾಗಿದ್ದ 40 ಅಡಿ ರಸ್ತೆಯಿಂದ, ಮಳೆನೀರಿನ ಚರಂಡಿಯಿಂದ, ಶಾಲೆಗೋ ಅಂಗನವಾಡಿಗೋ ಆಗಬೇಕಿದ್ದ ಜಾಗದಿಂದ, ಟ್ರಾನ್ಸ್‌ಫಾರ್ಮರ್ ಕೂರಬೇಕಿದ್ದ ಮೂಲೆಯಿಂದ. ನಮ್ಮಲ್ಲಿ ರೆವಿನ್ಯೂ ಸೈಟು ಎಂದು ಕರೆಯುವುದು ಇದನ್ನೇ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರನ್ನು ದೂರಿ ಫಲವಿಲ್ಲ. ಅಧಿಕೃತ ಬಡಾವಣೆಯ ಸೈಟು ಅವರ ಕೈಗೆಟುಕುವ ಬೆಲೆಯಲ್ಲಿ, ಬೇಕಾದಾಗ ಸಿಗುತ್ತಿರಲಿಲ್ಲ.

ಇದೇ ರಿಂಗ್ ರೋಡಿನಲ್ಲಿ ಮೂರ್ನಾಲ್ಕು ಕಿ.ಮೀ. ಒಳಗೆ ಎರಡು ಬಗೆಯ ಊರುಗಳನ್ನು ನೋಡಬಹುದು. ಸಿಲ್ಕ್ ಬೋರ್ಡ್ ದಾಟಿದ ಕೂಡಲೇ ಬಲಕ್ಕೆ ಎಚ್‌ಎಸ್‌ಆರ್ ಬಡಾವಣೆ. ಬಿಡಿಎ ಮೊದಲು ಬೀದಿ ಹಾಕಿ, ಆಮೇಲೆ ಸೈಟು ಹಂಚಿದ ಜಾಗ. ಮೇನು, ಕ್ರಾಸು, ಸೆಕ್ಟರು. ಒಂದು ಬೀದಿ ಕಟ್ಟಿಕೊಂಡರೆ ಪಕ್ಕದ್ದರಲ್ಲಿ ನುಸುಳಬಹುದು. (ನೀರಿನ ತಾಪತ್ರಯ ಅಲ್ಲೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.) ಸ್ವಲ್ಪ ಮುಂದೆ ಹೋದರೆ ಬೆಳ್ಳಂದೂರು, ಕಾಡುಬೀಸನಹಳ್ಳಿ, ಪಣತ್ತೂರು. ಇಲ್ಲಿ ಒಳರಸ್ತೆಗಳೆಂದರೆ ಹಳೆಯ ಎತ್ತಿನಗಾಡಿ ದಾರಿಗಳೇ. ಹೊಲದ ಬದು ತಿರುಗಿದಲ್ಲಿ ತಿರುಗುತ್ತವೆ, ಕೆರೆ ಏರಿಯ ಮೇಲೆ ಹತ್ತುತ್ತವೆ, ರೈಲ್ವೆ ಕೆಳಸೇತುವೆಯಲ್ಲಿ ಕತ್ತು ಹಿಸುಕಿಸಿಕೊಳ್ಳುತ್ತವೆ. ಅದರ ಅಕ್ಕಪಕ್ಕ ಸಾವಿರ ಮನೆಗಳ ಅಪಾರ್ಟ್‌ಮೆಂಟು. ಪಕ್ಕದ ಹಳ್ಳಿಗೆ ಹೋಗಬೇಕಾದರೂ ರಿಂಗ್ ರೋಡಿಗೇ ಇಳಿಯಬೇಕು, ಒಂದು ಕಿ.ಮೀ. ಹೋಗಬೇಕು, ಯು-ಟರ್ನ್ ತೆಗೆದುಕೊಳ್ಳಬೇಕು. ಹಾಲು ತರುವ ಸ್ಕೂಟರು, ಶಾಲೆ ವ್ಯಾನು, ಆಫೀಸು ಕ್ಯಾಬು, ಚೆನ್ನೈಗೆ ಹೊರಟ ಲಾರಿ ಎಲ್ಲವೂ ಒಂದೇ ರಸ್ತೆಯಲ್ಲಿ. ರಿಂಗ್ ರೋಡಿನ ದಟ್ಟಣೆಗೆ ರಿಂಗ್ ರೋಡು ಸಣ್ಣದಾದದ್ದಕ್ಕಿಂತ ಅದರ ಬೆನ್ನಿಗೆ ಬೀದಿಗಳ ಜಾಲ ಇಲ್ಲದ್ದೇ ದೊಡ್ಡ ಕಾರಣ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹತ್ತು ಎಕರೆಯ ಒಂದು ಟೆಕ್ ಪಾರ್ಕ್ ತೆಗೆದುಕೊಳ್ಳಿ. ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) 3 ಎಂದಿಟ್ಟುಕೊಂಡರೆ ಕಟ್ಟಬಹುದಾದ್ದು ಸುಮಾರು 1.2 ಲಕ್ಷ ಚದರ ಮೀಟರ್. ಒಬ್ಬರಿಗೆ 10 ಚದರ ಮೀಟರ್ ಅಂದರೆ 12,000 ಜನ. ಐವರಲ್ಲಿ ಒಬ್ಬರು ಕಾರಿನಲ್ಲಿ ಬಂದರೂ 2,400 ಕಾರು. ಬೆಳಗಿನ ಎರಡು ಗಂಟೆಯಲ್ಲಿ ಹಂಚಿದರೆ ಗಂಟೆಗೆ 1,200. ಅಡೆತಡೆಯೇ ಇಲ್ಲದ ಒಂದು ಲೇನಿನಲ್ಲಿ ಗಂಟೆಗೆ ಹೋಗಬಹುದಾದ್ದು 1,800 ಕಾರಿನ ಆಸುಪಾಸು. ಸಿಗ್ನಲ್ ಇದ್ದರೆ ಅದರ ಅರ್ಧ. ಒಂದೇ ಆವರಣ ಒಂದು ಇಡೀ ಲೇನನ್ನು ನುಂಗಿತು. ಅಂಥವು ಒಂದರ ಪಕ್ಕ ಒಂದು ನಿಂತಿವೆ, ಮತ್ತು ಹೆಚ್ಚಿನವುಗಳ ಗೇಟು ಇರುವುದು ಅದೇ ರಸ್ತೆಗೆ.

ಹಿಂದೆ ನಾವು ಹೀಗೆ ಮಾಡುತ್ತಿರಲಿಲ್ಲ. 1864ರಲ್ಲಿ ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂತು, 1882ರ ಹೊತ್ತಿಗೆ ಮೈಸೂರು ಕಡೆಗೂ ಹಳಿ ಬಿತ್ತು. ರೈಲಿನಿಂದ ಬೆಳೆದ ಊರಿಗೆ 1892ರಲ್ಲಿ ಚಾಮರಾಜಪೇಟೆ, ಆ ದಶಕದ ಕೊನೆಗೆ ಮಲ್ಲೇಶ್ವರ, ಬಸವನಗುಡಿ ಬಂದವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು. ಎಲ್ಲ ಕಡೆ ಮೊದಲು ಚೌಕಾಕಾರದ ಬೀದಿ, ಆಮೇಲೆ ಮನೆ. ಆ ಬೀದಿಗಳು ಇವತ್ತಿಗೂ ಬಸ್ಸು, ಮರ, ಅಂಗಡಿ ಎಲ್ಲವನ್ನೂ ಹೊತ್ತಿವೆ. ಆದರೆ ಸಾರಿಗೆ ಕೆರೆ ನುಂಗುವ ಚಾಳಿಯೂ ಹಳೆಯದೇ: ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ.

ನೀರಿನ ವಿಷಯವೂ ರಸ್ತೆಯ ವಿಷಯವೇ. ಬೆಂಗಳೂರಿನ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಹರಿಯುತ್ತವೆ. ಅಗರ ಕೆರೆಯ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಹೊರವರ್ತುಲ ರಸ್ತೆ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವೆಯೇ ಹಾದುಹೋಗುತ್ತದೆ. ಕಣಿವೆಗೆ ಅಡ್ಡಲಾಗಿ ಮಣ್ಣು ಏರಿಸಿ ಹಾಕಿದ ರಸ್ತೆ ಅಂದರೆ ಅದೂ ಒಂದು ಏರಿಯೇ. ಅದರ ತೂಬು ಎಂದರೆ ಕೆಳಗಿನ ಮೋರಿ. ಮೋರಿಯ ಗಾತ್ರ ನಿರ್ಧರಿಸುವಾಗ ಮೇಲ್ಗಡೆ ಹೊಲ ಇದೆಯೋ ಕಾಂಕ್ರೀಟು ಇದೆಯೋ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಒಂದು ಚದರ ಕಿ.ಮೀ. ಜಲಾನಯನದ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಸುರಿದರೆ, ಹೊಲವಾಗಿದ್ದಾಗ ಸುಮಾರು ಶೇ 30ರಷ್ಟು ಹರಿದು ಬರುತ್ತದೆ: ಸೆಕೆಂಡಿಗೆ 4 ಘನ ಮೀಟರ್. ಅದೇ ಜಾಗ ಚಾವಣಿ, ಡಾಂಬರು, ಟೈಲ್ಸ್ ಆದಾಗ ಶೇ 80: ಸೆಕೆಂಡಿಗೆ 11 ಘನ ಮೀಟರ್. ಹೊಲದ ಕಾಲಕ್ಕೆ ಅಳೆದು ಇಟ್ಟ ಮೋರಿ ಉಳಿದ 7 ಘನ ಮೀಟರನ್ನು ಎಲ್ಲಿಗೆ ಕಳಿಸಬೇಕು? ಅದು ರಸ್ತೆಯ ಮೇಲ್ಬದಿಯಲ್ಲಿ ನಿಲ್ಲುತ್ತದೆ, ಮನೆಗಳಿಗೆ ನುಗ್ಗುತ್ತದೆ, ಕೊನೆಗೆ ರಸ್ತೆಯನ್ನೇ ಹತ್ತುತ್ತದೆ. ಮೋರಿಯೊಳಗೆ ಯಾವುದೋ ಕೇಬಲ್ಲು, ನೀರಿನ ಪೈಪು ತೂರಿಸಿದ್ದರೆ, ಅದಕ್ಕೆ ಪ್ಲಾಸ್ಟಿಕ್ ಸಿಕ್ಕಿಕೊಂಡರೆ, ಇರುವ ತೂತೂ ಅರ್ಧಕ್ಕಿಳಿಯುತ್ತದೆ. 2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಇದೇ ಸಾಲಿನಲ್ಲಿ ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಬೇಕಾಗಿ ಬಂತು. ಮಳೆ ಜೋರಾಗಿತ್ತು ನಿಜ. ಆದರೆ ಕಾಲುವೆಗಳು ಕಿರಿದಾಗಿದ್ದವು, ಹಲವು ಕಡೆ ಮುಚ್ಚಿಹೋಗಿದ್ದವು.

ಕುಡಿಯುವ ನೀರಿನ ಕಥೆ ಇನ್ನೂ ನಿಧಾನ. ರಸ್ತೆ 2002ರ ಹೊತ್ತಿಗೆ ಪೂರ್ತಿ. ಸುತ್ತಲಿನ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಆ ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಕಾವೇರಿ ನೀರು ತರುವ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಈ ಇಪ್ಪತ್ತೆರಡು ವರ್ಷ ಹೆಚ್ಚಿನ ಜನ ಕುಡಿದದ್ದು ಕೊಳವೆಬಾವಿ ಮತ್ತು ಟ್ಯಾಂಕರ್ ನೀರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಮೊದಲು ಒಣಗಿದ ಭಾಗಗಳಲ್ಲಿ ಇವೂ ಇದ್ದವು. ರಸ್ತೆ ಹಾಕುವ ಸಂಸ್ಥೆ ಒಂದು, ನೀರು ಕೊಡುವುದು ಇನ್ನೊಂದು, ಭೂಬಳಕೆ ಬದಲಿಸುವ ಕಚೇರಿ ಮತ್ತೊಂದು ಆಗಿರುವಾಗ ಇದಕ್ಕಿಂತ ಬೇರೆ ಆಗುವುದು ಕಷ್ಟ.

ಎಲ್ಲ ರಸ್ತೆಗಳೂ ಒಂದೇ ರೀತಿ ಊರು ಬೆಳೆಸುವುದಿಲ್ಲ ಅನ್ನುವುದನ್ನೂ ಗಮನಿಸಬೇಕು. ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದಾದ ರಸ್ತೆ ತನ್ನ ಉದ್ದಕ್ಕೂ ಅಂಗಡಿ, ಮನೆ ಎಳೆದುಕೊಳ್ಳುತ್ತದೆ. ಪ್ರವೇಶ ನಿಯಂತ್ರಿತ ಹೆದ್ದಾರಿ ಹತ್ತಿ ಇಳಿಯುವ ಜಾಗಗಳಲ್ಲಿ ಮಾತ್ರ ಗಂಟು ಕಟ್ಟುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 119 ಕಿ.ಮೀ. ಬೆಂಗಳೂರು-ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬೈಪಾಸಿನಲ್ಲಿ ದಾಟಿತು. ಚನ್ನಪಟ್ಟಣದ ಗೊಂಬೆ ಅಂಗಡಿ, ಮದ್ದೂರಿನ ವಡೆ ಹೋಟೆಲು, ತಟ್ಟೆ ಇಡ್ಲಿ ಸಾಲುಗಳು ನಿಂತಿದ್ದದ್ದು ಕಾರು ನಿಧಾನಿಸುವ ಜಾಗದಲ್ಲಿ. ಕಾರು ನಿಧಾನಿಸುವುದು ನಿಂತಾಗ ವ್ಯಾಪಾರವೂ ಬಿತ್ತು. ಮೈಸೂರಿಗೆ ಪ್ರಯಾಣ ಹತ್ತಿರವಾದಷ್ಟೂ ನಡುವಿನ ಊರು ದೂರವಾಯಿತು.

ರಸ್ತೆಯ ಸುದ್ದಿಯೇ ಸಾಕು, ರಸ್ತೆ ಬರಬೇಕೆಂದಿಲ್ಲ. ಹೊರವರ್ತುಲ ರಸ್ತೆಗೂ ಆಚೆ ಹಾಕಲು ಯೋಚಿಸಿದ ಪೆರಿಫೆರಲ್ ರಿಂಗ್ ರೋಡಿಗೆ 2005ರಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು. ಸುಮಾರು 73 ಕಿ.ಮೀ., 1,810 ಎಕರೆ. ಈಗ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೆಸರು. ಗೆರೆಯೊಳಗೆ ಸಿಕ್ಕ ರೈತನಿಗೆ ಈ ಎರಡು ದಶಕ ಜಮೀನು ಮಾರಲೂ ಆಗದು, ಸಾಲ ಹುಟ್ಟದು, ಮನೆ ಕಟ್ಟಲು ನಕ್ಷೆ ಮಂಜೂರಾಗದು. ಗೆರೆಯಿಂದ ನೂರು ಅಡಿ ಆಚೆಗಿರುವ ಜಮೀನಿನ ಬೆಲೆ ಅದೇ ಗೆರೆಯ ದೆಸೆಯಿಂದ ಏರುತ್ತ ಹೋಯಿತು. ಒಬ್ಬನ ಭೂಮಿ ಕಿತ್ತುಕೊಂಡು ಪಕ್ಕದವನಿಗೆ ಲಾಭ ಹಂಚುವ ಈ ಪದ್ಧತಿಯೇ ನಮ್ಮ ಭೂಸ್ವಾಧೀನದ ಮೂಲ ದೋಷ. 2008ರ ಮೇ 24ರಂದು ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಅತ್ತ ಕಡೆಯ ಹಳ್ಳಿಗಳೂ ಇದನ್ನೇ ಕಂಡವು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿದ್ದು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ.

ಬೇರೆ ದಾರಿ ಇದೆ. ಅಹಮದಾಬಾದಿನ 76 ಕಿ.ಮೀ. ಸರ್ದಾರ್ ಪಟೇಲ್ ರಿಂಗ್ ರೋಡಿಗೆ ಬಹುಪಾಲು ಜಾಗ ಸಿಕ್ಕಿದ್ದು ಟೌನ್ ಪ್ಲಾನಿಂಗ್ ಸ್ಕೀಮುಗಳ ಮೂಲಕ. ಅಲ್ಲಿ ಒಂದು ಪ್ರದೇಶದ ಎಲ್ಲ ಹಿಡುವಳಿಗಳನ್ನು ಕಾಗದದ ಮೇಲೆ ಒಟ್ಟು ಸೇರಿಸುತ್ತಾರೆ. ಸಾಮಾನ್ಯವಾಗಿ ಶೇ 40ರವರೆಗೆ ಕಡಿತ: ರಸ್ತೆಗೆ ಸುಮಾರು 15, ಉದ್ಯಾನಕ್ಕೆ 5, ಶಾಲೆ-ಆಸ್ಪತ್ರೆಗೆ 5, ಪ್ರಾಧಿಕಾರ ಮಾರಿ ಖರ್ಚು ತೂಗಿಸಿಕೊಳ್ಳಲು 15. ಉಳಿದದ್ದನ್ನು ಪ್ರತಿಯೊಬ್ಬರಿಗೂ ಅವರವರ ಮೂಲ ಜಾಗದ ಹತ್ತಿರವೇ, ರಸ್ತೆಗೆ ಮುಖವಿರುವ ನೇರ ಆಕಾರದ ನಿವೇಶನವಾಗಿ ಮರಳಿಸುತ್ತಾರೆ. ಎಲ್ಲರೂ ಸ್ವಲ್ಪ ಕಳೆದುಕೊಳ್ಳುತ್ತಾರೆ, ಎಲ್ಲರ ಬೆಲೆಯೂ ಏರುತ್ತದೆ, ಮುಖ್ಯವಾಗಿ ಅಡ್ಡರಸ್ತೆಗಳು ಮನೆಗಳಿಗಿಂತ ಮೊದಲೇ ಗುರುತಾಗುತ್ತವೆ. ತಡವಾಗುತ್ತದೆ, ವ್ಯಾಜ್ಯ ಇರುತ್ತದೆ, ಗೇಣಿದಾರನಿಗೆ ಏನೂ ಸಿಗುವುದಿಲ್ಲ ಅನ್ನುವ ಕೊರತೆ ದೊಡ್ಡದು. ಆದರೂ ನಮ್ಮದಕ್ಕಿಂತ ಮೇಲು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮುಗಳಿಗೆ ಒಂದು ಅಧ್ಯಾಯವೇ ಇದೆ. ಬಳಸಿದ್ದು ಕಡಿಮೆ.

ಹೊಸ ರಸ್ತೆಯ ಆಸುಪಾಸು ಜಾಗ ಕೊಳ್ಳುವವರು ನೋಡಬೇಕಾದ್ದು ಜಾಹೀರಾತಿನ ‘ರಿಂಗ್ ರೋಡಿಗೆ ಐದೇ ನಿಮಿಷ’ವನ್ನಲ್ಲ. ಮೊದಲು ಸರ್ವೆ ನಂಬರು ಮಾಸ್ಟರ್ ಪ್ಲಾನಿನಲ್ಲಿ (ಊರಿನ ಭೂಬಳಕೆ ನಕ್ಷೆಯಲ್ಲಿ) ಯಾವ ಬಣ್ಣದಲ್ಲಿದೆ ನೋಡಿ. ಹಳದಿ ಇದ್ದರೆ ವಸತಿ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಯ ನಿಯಮ ಈಗ ಏನಿದೆ, ಅದರಂತೆ ದಾಖಲೆ ಇದೆಯೇ ಕೇಳಿ. ಹಸಿರು (ಕೃಷಿ) ಇದ್ದರೆ ಅದಕ್ಕೂ ಮೊದಲು ಯೋಜನಾ ಕಾಯ್ದೆಯ 14ಎ ಕಲಮಿನಡಿ ಭೂಬಳಕೆ ಬದಲಾವಣೆಯೇ ಆಗಬೇಕು. ‘ಕನ್ವರ್ಷನ್ ಆಗುತ್ತೆ ಬಿಡಿ’ ಅನ್ನುವ ಮಾತಿಗೆ ಮುಂಗಡ ಕೊಡಬೇಡಿ. ಪರಿವರ್ತನೆ ಆಗಿದ್ದರೂ ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಬೇರೆಯೇ ಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಆಮೇಲೆ ಗ್ರಾಮ ನಕ್ಷೆ ತೆಗೆದು ಹಳ್ಳ, ರಾಜಕಾಲುವೆ ಎಲ್ಲಿ ಹೋಗುತ್ತವೆ ಗುರುತಿಸಿ. 2015ರ ಮಾಸ್ಟರ್ ಪ್ಲಾನಿನಂತೆ ಕೆರೆಯಿಂದ 30 ಮೀಟರ್, ಕಾಲುವೆಯ ನಡುಗೆರೆಯಿಂದ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕೆಂಬ ನಿಯಮ. ಹೆದ್ದಾರಿ ಪಕ್ಕವಾದರೆ ರಸ್ತೆಯ ನಡುಗೆರೆಯಿಂದ 40 ಮೀಟರ್ ಕಟ್ಟಡರೇಖೆ (ಅದರೊಳಗೆ ಕಟ್ಟುವಂತಿಲ್ಲ ಅನ್ನುವ ಗೆರೆ) ಇದೆಯೇ ಕೇಳಿ. ಕೊನೆಯದಾಗಿ ಸೈಟಿನ ಮುಂದಿನ ದಾರಿ ಮುಖ್ಯರಸ್ತೆವರೆಗೂ ದಾಖಲೆಯಲ್ಲಿ ಇದೆಯೇ, ಇಲ್ಲ ಯಾರದೋ ಪಹಣಿಯ ಮೇಲೆ ಹಾದುಹೋಗುತ್ತಿದೆಯೇ ನೋಡಿ.

ಈಗ ಇದೇ ರಿಂಗ್ ರೋಡಿನ ಮೇಲೆ ಮೆಟ್ರೊದ ನೀಲಿ ಮಾರ್ಗ ಬರುತ್ತಿದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರಕ್ಕೆ 18.2 ಕಿ.ಮೀ., 13 ನಿಲ್ದಾಣ. ಸರಾಸರಿ ಒಂದೂವರೆ ಕಿ.ಮೀ.ಗೆ ಒಂದು. 1,500 ಜನ ಹಿಡಿಸುವ ಆರು ಬೋಗಿಯ ರೈಲು ಐದು ನಿಮಿಷಕ್ಕೊಂದು ಬಂದರೆ ಒಂದು ದಿಕ್ಕಿಗೆ ಗಂಟೆಗೆ 18,000 ಜನ. ಸಿಗ್ನಲ್ ಇರುವ ಹತ್ತು ಲೇನು ಕಾರಿಗೂ ಆಗದ ಕೆಲಸ. ಆದರೆ ಜನ ನಿಲ್ದಾಣಕ್ಕೆ ನಡೆದು ಬರುವುದು ಹೆಚ್ಚೆಂದರೆ 500-600 ಮೀಟರಿನಿಂದ, ಏಳೆಂಟು ನಿಮಿಷ. ಇಲ್ಲಿ ನಿಲ್ದಾಣದಿಂದ ನೇರ ಗೆರೆಯಲ್ಲಿ 400 ಮೀಟರ್ ದೂರದ ಮನೆಗೆ ಹೋಗಲು ಟೆಕ್ ಪಾರ್ಕಿನ ಇಡೀ ಕಾಂಪೌಂಡು ಸುತ್ತಬೇಕು, ಅದು ಒಂದೂವರೆ ಕಿ.ಮೀ. ಆಗುತ್ತದೆ. ಆ ಮನೆಯವನು ಬೈಕನ್ನೇ ತೆಗೆಯುತ್ತಾನೆ. ನಿಲ್ದಾಣದ ಸುತ್ತ 150 ಮೀಟರ್ ಒಳಗೆ ಎಫ್‌ಎಆರ್ 4ರವರೆಗೆ ಕೊಡಲು 2015ರ ಮಾಸ್ಟರ್ ಪ್ಲಾನಿನಲ್ಲೇ ಅವಕಾಶ ಇದೆ. ಆ ಹೆಚ್ಚುವರಿ ಮಹಡಿಗೆ ಬದಲಾಗಿ ಹಣ ಪಡೆಯುವ ಬದಲು, ಕಾಂಪೌಂಡಿನ ನಡುವೆ ಎಲ್ಲರೂ ಓಡಾಡುವ 12 ಮೀಟರ್ ಅಗಲದ ಒಂದು ಬೀದಿಯನ್ನು ಬರೆಸಿಕೊಳ್ಳಬೇಕು, ಅದರ ಇನ್ನೊಂದು ತುದಿ ಹಿಂದಿನ ಹಳ್ಳಿಯ ರಸ್ತೆಗೆ ಸೇರಬೇಕು, ಮತ್ತು ಮೊದಲ ರೈಲು ಓಡುವ ಮೊದಲೇ ಆ ಗೋಡೆ ಒಡೆದಿರಬೇಕು.